25ನೇ ಮದುವೆ ವಾರ್ಷಿಕೋತ್ಸವಕ್ಕೆ ಕ್ಯಾಂಪರ್‌ವ್ಯಾನ್‌ನಲ್ಲಿ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ವ್ಯಾನ್) ಹೋಗೋಣ ಅಂತಿದ್ದೇವೆ. 10 ದಿನದಲ್ಲಿ ಇಡೀ ನ್ಯೂಜಿಲೆಂಡ್ ಸುತ್ತಬಹುದಾ?

ಸುತ್ತಬಹುದು, ಆದರೆ ಬೇಡ. ಉತ್ತರ ದ್ವೀಪದ ಆಕ್ಲೆಂಡ್‌ನಿಂದ ವೆಲ್ಲಿಂಗ್ಟನ್‌ವರೆಗೆ ಓಡಿಸಿ, ಅಲ್ಲಿ ಫೆರಿ ಹತ್ತಿ, ಮೂರೂವರೆ ಗಂಟೆ ಸಮುದ್ರ ದಾಟಿ ದಕ್ಷಿಣ ದ್ವೀಪದ ಪಿಕ್ಟನ್‌ನಲ್ಲಿ ಇಳಿಯುವಷ್ಟರಲ್ಲಿ ನಿಮ್ಮ ರಜೆಯ ಒಂದು ಪಾಲು ಸ್ಟಿಯರಿಂಗ್ ಹಿಡಿದೇ ಕಳೆದಿರುತ್ತದೆ. 10 ದಿನಕ್ಕೆ ದಕ್ಷಿಣ ದ್ವೀಪ ಒಂದೇ ಸಾಕು.

ನಾವೂ 25 ವರ್ಷ ತುಂಬಿದ್ದಕ್ಕೇ ಹೋಗಿದ್ದು, ಮಾರ್ಚ್‌ನಲ್ಲಿ. ಕ್ರೈಸ್ಟ್‌ಚರ್ಚ್‌ನಲ್ಲಿ ವ್ಯಾನ್ ತಗೊಂಡು ಟೆಕಾಪೊ, ಮೌಂಟ್ ಕುಕ್, ವಾನಕಾ, ಮಿಲ್ಫರ್ಡ್ ಸೌಂಡ್ ನೋಡಿಕೊಂಡು ಕ್ವೀನ್ಸ್‌ಟೌನ್‌ನಲ್ಲಿ ವಾಪಸ್ ಕೊಟ್ಟೆವು. ಬೇರೆ ಊರಲ್ಲಿ ಬಿಟ್ಟರೆ ಸ್ವಲ್ಪ ದುಡ್ಡು ಜಾಸ್ತಿ ಕೇಳುತ್ತಾರೆ, ಕೊಡಿ ಪರವಾಗಿಲ್ಲ.

ವ್ಯಾನ್ ಬುಕ್ ಮಾಡುವಾಗ ಬಾಡಿಗೆಗಿಂತ ಮೊದಲು ಹಾಸಿಗೆ ನೋಡಿ. ಇಬ್ಬರ ವ್ಯಾನ್ ಸಾಕು ಅಂತ ನಾವು ಜಾಣರಾದೆವು. ಅದರಲ್ಲಿ ಊಟದ ಟೇಬಲ್ಲನ್ನೇ ಕೆಳಗಿಳಿಸಿ, ಕುಶನ್ ಜೋಡಿಸಿ ಹಾಸಿಗೆ ಮಾಡಬೇಕು. ಬೆಳಗ್ಗೆ ಕೂತು ಕಾಫಿ ಕುಡಿಯಬೇಕಂದ್ರೆ ಮತ್ತೆ ಎಲ್ಲ ಬಿಚ್ಚಬೇಕು. ರಾತ್ರಿ ಒಬ್ಬರು ಎದ್ದರೆ ಇನ್ನೊಬ್ಬರನ್ನು ದಾಟಿಕೊಂಡೇ ಹೋಗಬೇಕು. ಐವತ್ತು ದಾಟಿದ ಸೊಂಟಕ್ಕೆ ಇದು ಆಗಿ ಬರಲ್ಲ. ನಾಲ್ಕು ಜನರ ವ್ಯಾನ್ ತಗೊಳ್ಳಿ, ಹಿಂದಿನ ಹಾಸಿಗೆ ಹಾಸಿದ ಹಾಗೇ ಇರಲಿ.

ಒಳಗೇ ಟಾಯ್ಲೆಟ್ ಇರುವ, ಸೆಲ್ಫ್ ಕಂಟೇನ್ಡ್ (ನೀರು, ಕೊಳೆನೀರು ಎಲ್ಲ ತನ್ನೊಳಗೇ ಇಟ್ಟುಕೊಳ್ಳುವ ವ್ಯಾನ್) ಅನ್ನೋ ಸರ್ಟಿಫಿಕೇಟ್ ಇರುವ ವ್ಯಾನೇ ಬೇಕು. ಅದಿಲ್ಲದೆ ಎಷ್ಟೋ ಕಡೆ ರಾತ್ರಿ ನಿಲ್ಲಿಸಲು ಬಿಡುವುದಿಲ್ಲ, ದಂಡ ಬೀಳುತ್ತದೆ. ಆದರೆ ಆ ಟಾಯ್ಲೆಟ್ ಡಬ್ಬಿಯನ್ನು ಡಂಪ್ ಸ್ಟೇಷನ್‌ಗೆ, ಅಂದ್ರೆ ಕೊಳೆ ಸುರಿಯುವ ಜಾಗಕ್ಕೆ, ಹೊತ್ತೊಯ್ದು ಖಾಲಿ ಮಾಡುವವರು ಯಾರು ಅನ್ನುವುದು ಹೊರಡುವ ಮೊದಲೇ ತೀರ್ಮಾನವಾಗಲಿ. ನಾವು ಟಾಸ್ ಹಾಕಿದೆವು. ಯಜಮಾನರು ಸೋತರು.

ಓಡಿಸುವುದು ಕಷ್ಟವಿಲ್ಲ, ನಮ್ಮ ಹಾಗೇ ರಸ್ತೆಯ ಎಡಗಡೆ. ಇಂಗ್ಲಿಷ್‌ನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ. ಒಂದೇ ಲೇನಿನ ಸೇತುವೆಗಳು ಬಹಳ ಇವೆ. ಬೋರ್ಡಿನಲ್ಲಿ ನಿಮ್ಮ ಕಡೆಯ ಬಾಣ ಕೆಂಪಗಿದ್ದರೆ ಎದುರಿನವರಿಗೆ ದಾರಿ ಬಿಡಿ. ಡೀಸೆಲ್ ಅಗ್ಗ ಅಂತ ಖುಷಿಪಡಬೇಡಿ, ಡೀಸೆಲ್ ಗಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬೇರೆ ರಸ್ತೆ ಶುಲ್ಕ ಇದೆ.

ಟೆ ಅನಾವ್‌ನಿಂದ ಮಿಲ್ಫರ್ಡ್‌ಗೆ ಸುಮಾರು 120 ಕಿ.ಮೀ. ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ. ಹೋಮರ್ ಸುರಂಗದ ಸಿಗ್ನಲ್‌ನಲ್ಲಿ ನಿಂತಿದ್ದಾಗ ಕೀಯಾ ಅನ್ನೋ ಬೆಟ್ಟದ ಗಿಳಿ ಬಂದು ನಮ್ಮ ವೈಪರ್ ರಬ್ಬರನ್ನು ಚಕ್ಕುಲಿ ಕಿತ್ತ ಹಾಗೆ ಕೀಳತೊಡಗಿತು. ಹಾರ್ನ್ ಹೊಡೆದರೆ ತಲೆ ಓರೆ ಮಾಡಿ ನೋಡಿತು, ಅಷ್ಟೇ. ಮಿಲ್ಫರ್ಡ್‌ನಲ್ಲಿ ಸ್ಯಾಂಡ್‌ಫ್ಲೈ ಅನ್ನೋ ಸಣ್ಣ ನೊಣಗಳು ಕಚ್ಚುತ್ತವೆ, ಕಾಲು ಮುಚ್ಚುವ ಬಟ್ಟೆ ಹಾಕಿ.

ತಿಂಡಿ ಸಾಮಾನು ಏನೇ ಒಯ್ದರೂ ನ್ಯೂಜಿಲೆಂಡ್‌ಗೆ ಹೋಗುವವರು ತುಂಬಬೇಕಾದ ಡಿಕ್ಲರೇಷನ್ ಫಾರಂನಲ್ಲಿ ಬರೆಯಿರಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಪೇಡ, ಬರ್ಫಿ, ಹಸಿ ಕರಿಬೇವು ಮನೆಯಲ್ಲೇ ಇರಲಿ. ನಾನು ಚಟ್ನಿಪುಡಿ, ಶಾವಿಗೆ ಎಲ್ಲ ಬರೆದೆ, ನೋಡಿ ಬಿಟ್ಟರು.

ಆ ಶಾವಿಗೆಯೇ ಕೊನೆಗೆ ಕೈ ಹಿಡಿದದ್ದು. ವಾರ್ಷಿಕೋತ್ಸವದ ದಿನ ನಾವು ಇದ್ದದ್ದು ಮೌಂಟ್ ಕುಕ್ ಬುಡದ ವೈಟ್ ಹಾರ್ಸ್ ಹಿಲ್ ಕ್ಯಾಂಪ್‌ನಲ್ಲಿ. 3,724 ಮೀಟರ್ ಬೆಟ್ಟ ಎದುರಿಗೇ ಇದೆ, ಮಳೆಮೋಡದಲ್ಲಿ ಒಂದಿಂಚೂ ಕಾಣಲಿಲ್ಲ. ಪಾಯಸ ಮಾಡೋಣ ಅಂತ ತುಪ್ಪದಲ್ಲಿ ಗೋಡಂಬಿ ಹುರಿದೆ. ಹೊಗೆ ಅಲಾರಂ ಕಿರುಚಿಕೊಂಡಿತು. ಯಜಮಾನರು ಟವೆಲ್ ಬೀಸುತ್ತಿದ್ದಾರೆ, ನಾನು ಕಿಟಕಿ ತಳ್ಳುತ್ತಿದ್ದೇನೆ, ಅಷ್ಟರಲ್ಲಿ ಪಕ್ಕದ ವ್ಯಾನಿನ ಅಜ್ಜ ಛತ್ರಿ ಹಿಡಿದು ಬಾಗಿಲು ತಟ್ಟಿದರು, ಏನಾಯ್ತು ಅಂತ. ಒಳಗೆ ಕರೆದು ಅವರಿಗೂ ಒಂದು ಲೋಟ ಪಾಯಸ ಕೊಟ್ಟೆವು.