ಬ್ಲೋಕಸ್ ತ್ರೀಡಿ: ಕೊನೆಗೆ ತುಂಡುಗಳು ಉಳಿಯುತ್ತಿದ್ದರೆ

ಬ್ಲೋಕಸ್ ತ್ರೀಡಿ ಅಂದರೆ ಘನಗಳನ್ನು ಅಂಟಿಸಿದಂತಿರುವ ಬಣ್ಣದ ತುಂಡುಗಳನ್ನು ಸರದಿಯಂತೆ ಒಂದರ ಮೇಲೊಂದು ಜೋಡಿಸುವ ಬೋರ್ಡ್ ಆಟ. ಅದರಲ್ಲಿ ಪ್ರತಿ ಸಲವೂ ನಾಲ್ಕೈದು ತುಂಡು ಕೈಯಲ್ಲೇ ಉಳಿಯುತ್ತವೆ ಅಂದಿದ್ದೀರಿ. ಬಹುಶಃ ಸುಲಭದ ಸಣ್ಣ ತುಂಡುಗಳನ್ನು ಮೊದಲೇ ಖಾಲಿ ಮಾಡುತ್ತಿದ್ದೀರಿ. ಒಬ್ಬೊಬ್ಬರಿಗೆ 11 ತುಂಡು: ನಾಲ್ಕು ಘನದವು 8, ಮೂರರವು 2, ಎರಡರದು 1. ತುಂಡಿನ ಅಡಿಯಲ್ಲಿ ಟೊಳ್ಳು ಬಿಡುವಂತಿಲ್ಲ, ಹಾಗಾಗಿ ಮೂರು ದಿಕ್ಕಿಗೂ ಚಾಚಿದ ಸೊಟ್ಟ ತುಂಡುಗಳಿಗೆ ಆಮೇಲೆ ಜಾಗ ಸಿಗುವುದು ಕಷ್ಟ. ಮೊದಲ ನಾಲ್ಕೈದು ಸರದಿಯಲ್ಲೇ ಅವನ್ನು ಇಟ್ಟುಬಿಡಿ. ಎರಡು ಘನದ್ದನ್ನು ಕೊನೆಯವರೆಗೂ ಮುಟ್ಟಬೇಡಿ.

ಹೊಸ ತುಂಡಿನ ಒಂದು ಮುಖವಾದರೂ ನಿಮ್ಮದೇ ಬಣ್ಣಕ್ಕೆ ತಾಗಬೇಕಲ್ಲ, ಅದಕ್ಕೇ ಒಂದೇ ಮೂಲೆಯಲ್ಲಿ ಕೂರದೆ ಎರಡು ಕಡೆ ಹರಡಿ.

ಉಳಿದ ತುಂಡಿಗೆ ಕಡಿತ ತಲಾ 1 ಅಂಕ ಅಷ್ಟೇ. ಆದರೆ ಆಟ ಮುಗಿದಾಗ ಮೇಲಿನಿಂದ ಕಾಣುವ ನಿಮ್ಮ ಬಣ್ಣದ ಪ್ರತಿ ಚೌಕಕ್ಕೂ 1 ಅಂಕ ಬರುತ್ತದೆ. ಕಟ್ಟಡಕ್ಕೆ ನಿಗದಿಯಾದ ಎತ್ತರದ ಮಿತಿ ಮುಟ್ಟಿದ ಜಾಗವನ್ನು ಯಾರೂ ಮುಚ್ಚಲಾರರು. ಎರಡಕ್ಕೆರಡರ ಚೌಕದ ತುಂಡನ್ನು ಅಲ್ಲಿಗೇ ಉಳಿಸಿಕೊಂಡು ಅಡ್ಡ ಮಲಗಿಸಿ, ಒಂದೇ ಸಲಕ್ಕೆ 4 ಅಂಕ.