ಕೊಡಗಿನ ಹಾಡಿಯೊಂದರಲ್ಲಿ ಉಚಿತ ವೈದ್ಯಕೀಯ ಶಿಬಿರ ನಡೆಸಿ ನೀರಿನ ಫಿಲ್ಟರ್ ಹಂಚಿದರೆ ನಿಜವಾಗಿ ಉಪಯೋಗವಾಗುತ್ತದೆಯೇ?

ತಿತಿಮತಿ ಕಡೆಯ ಹಾಡಿಯೊಂದರಲ್ಲಿ, ಅಂದರೆ ಬುಡಕಟ್ಟು ಜನರ ವಸತಿಯಲ್ಲಿ, ವೈದ್ಯ ಮಿತ್ರರೊಂದಿಗೆ ಎರಡು ದಿನಗಳ ಉಚಿತ ತಪಾಸಣೆ ನಡೆಸಿ, ಮನೆಗೊಂದು ಫಿಲ್ಟರ್ ಕೊಡುವ ಯೋಚನೆ ತಮ್ಮದೆಂದು ಬರೆದಿದ್ದೀರಿ. ನಾನು ದಕ್ಷಿಣ ಕೊಡಗಿನಲ್ಲಿ ಆರೋಗ್ಯ ನಿರೀಕ್ಷಕನಾಗಿದ್ದು ನಿವೃತ್ತನಾದವನು. ಉಪಯೋಗ ಖಂಡಿತ ಆಗುತ್ತದೆ. ಆದರೆ ಶಿಬಿರಕ್ಕೆ ಮೊದಲು ನೀರಿನ ಕೆಲಸ ನಡೆಯಬೇಕು. ನೀವು ಹಿಂದಿರುಗಿದ ಮೇಲೆ ಅದನ್ನು ಮುಂದುವರಿಸುವವರು ಯಾರೆಂಬುದು ಅದಕ್ಕೂ ಮೊದಲು ತೀರ್ಮಾನವಾಗಿರಬೇಕು.

ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಕುಡಿಯುವ ನೀರಿಗೇನು ತೊಂದರೆ ಎಂದು ಹೊರಗಿನವರಿಗೆ ಅನಿಸುವುದು ಸಹಜ. ಹಾಡಿಗಳಲ್ಲೂ ತೋಟದ ಲೈನ್ ಮನೆಗಳಲ್ಲೂ ಇಂದಿಗೂ ಅನೇಕರು ತೆರೆದ ಬಾವಿ, ಒರತೆ ಅಥವಾ ತೋಡಿನ ನೀರನ್ನೇ ನಂಬಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಇಳಿಜಾರಿನ ಮೇಲಿನ ಕೊಳೆ, ಸಗಣಿ, ಮಲವೆಲ್ಲ ಕಟ್ಟೆಯಿಲ್ಲದ ಬಾವಿಗೆ ನೇರವಾಗಿ ಸೇರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಬಾವಿ ತಳ ಕಂಡಾಗ ಹೆಂಗಸರು ಇನ್ನೂ ಕೆಟ್ಟ ನೀರಿಗೆ ಹೋಗಬೇಕಾಗುತ್ತದೆ. ಮಕ್ಕಳ ವಾಂತಿಭೇದಿಯೂ ಟೈಫಾಯಿಡ್, ಕಾಮಾಲೆಗಳೂ ಈ ದಾರಿಯಲ್ಲೇ ಬರುತ್ತವೆ.

ಆದ್ದರಿಂದ ಮನೆಮನೆಯ ಫಿಲ್ಟರ್‌ಗಿಂತ ಬಾವಿಯನ್ನು ಮೊದಲು ನೋಡಿ. ಅದಕ್ಕೆ ಎತ್ತರದ ಕಟ್ಟೆ, ಸುತ್ತ ಸಿಮೆಂಟಿನ ನೆಲ, ಚೆಲ್ಲಿದ ನೀರು ಹರಿದುಹೋಗಲು ಕಾಲುವೆ, ಮೇಲೊಂದು ಮುಚ್ಚಳ ಇವೆಯೇ? ಶೌಚಗುಂಡಿ ಕನಿಷ್ಠ 15 ಮೀಟರ್ ದೂರದಲ್ಲಿ, ಬಾವಿಗಿಂತ ತಗ್ಗಿನಲ್ಲಿ ಇದೆಯೇ? ಇವು ಸರಿಯಾದ ಮೇಲೆ ಕ್ಲೋರಿನೀಕರಣ, ಅಂದರೆ ಬ್ಲೀಚಿಂಗ್ ಪೌಡರ್ ಬೆರೆಸಿ ರೋಗಾಣು ಕೊಲ್ಲುವುದು. ಶೇಕಡಾ 33ರಷ್ಟು ಕ್ಲೋರಿನ್ ಇರುವ ಒಳ್ಳೆಯ ಬ್ಲೀಚಿಂಗ್ ಪೌಡರ್ 1,000 ಲೀಟರಿಗೆ 2.5 ಗ್ರಾಂ ಸಾಕು. 2 ಮೀಟರ್ ವ್ಯಾಸದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್. ಅದಕ್ಕೆ ಬೇಕಾದ ಪುಡಿ ಸುಮಾರು 24 ಗ್ರಾಂ ಮಾತ್ರ. ಪುಡಿಯನ್ನು ಬಕೆಟ್‌ನಲ್ಲಿ ಕಲಸಿ, ಅದರಲ್ಲಿರುವ ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬೆರೆಸಿ, ಒಂದು ಗಂಟೆ ಬಿಟ್ಟು ಪರೀಕ್ಷಿಸಿದಾಗ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ರಾಡಿ ನೀರು ಹೆಚ್ಚು ಕ್ಲೋರಿನ್ ನುಂಗುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಬಾಯಿ ತೆರೆದಿಟ್ಟ ಪುಡಿ ಬೇಗನೆ ಸತ್ವ ಕಳೆದುಕೊಳ್ಳುವುದರಿಂದ ಅದನ್ನು ಗಾಳಿಯಾಡದ ಡಬ್ಬಿಯಲ್ಲಿಡಬೇಕೆಂದು ಒತ್ತಿ ಹೇಳಿ. ಈ ಕೆಲಸವನ್ನು ಹಾಡಿಯ ಇಬ್ಬರು ಯುವಕ ಯುವತಿಯರು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು.

ಜನರಿಗೆ ನಂಬಿಕೆ ಬರಿಸಲು ಭಾಷಣ ಬೇಡ. ನೀರಿಗೆ ಮಲ ಸೇರಿದೆಯೇ ಎಂದು ತೋರಿಸುವ ಎಚ್2ಎಸ್ ಪರೀಕ್ಷೆಯ ಬಾಟಲಿಗೆ ಅವರದೇ ಬಾವಿಯ ನೀರು ತುಂಬಿ ಅವರ ಮನೆಯಲ್ಲೇ ಇಡಿ. ಒಂದೆರಡು ದಿನಗಳಲ್ಲಿ ಅದು ಕಪ್ಪಾದರೆ ನೀರು ಮಲಿನವಾಗಿದೆಯೆಂದು ಅವರ ಕಣ್ಣಿಗೇ ಕಾಣುತ್ತದೆ. ಫಿಲ್ಟರ್ ಕೊಡುವುದೇ ಆದರೆ ಬದಲಿ ಕ್ಯಾಂಡಲ್ ಗೋಣಿಕೊಪ್ಪಲಿನಲ್ಲೋ ಪೊನ್ನಂಪೇಟೆಯಲ್ಲೋ ಸಿಗುವಂಥದ್ದನ್ನೇ ಆರಿಸಿ. ನೀರಿನ ಲವಣ ತೆಗೆಯುವ ಆರ್‌ಒ ಯಂತ್ರ ಬೇಡವೇ ಬೇಡ: ಇಲ್ಲಿನ ತೊಂದರೆ ರೋಗಾಣುಗಳದ್ದೇ ಹೊರತು ಲವಣಾಂಶದ್ದಲ್ಲ, ಮೇಲಾಗಿ ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ ಇರುವುದಿಲ್ಲ.

ಇನ್ನು ತಪಾಸಣೆಯ ವಿಷಯ. ರಕ್ತದೊತ್ತಡವನ್ನು ಒಮ್ಮೆ ಅಳೆದು ಒಂದು ತಿಂಗಳ ಮಾತ್ರೆ ಕೊಟ್ಟು ಹೋಗುವುದು ಚಿಕಿತ್ಸೆಯಲ್ಲ. ಒತ್ತಡ ಹೆಚ್ಚಿದ್ದವರು, ಎರಡು ವಾರ ಮೀರಿ ಕೆಮ್ಮುತ್ತಿರುವವರು, ರಕ್ತಹೀನತೆಯ ಗರ್ಭಿಣಿಯರು, ಇವರ ಪಟ್ಟಿ ಅದೇ ಸಂಜೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕೈಗೂ ಆ ಹಾಡಿಯ ಆಶಾ ಕಾರ್ಯಕರ್ತೆಯ ಕೈಗೂ ಸೇರಬೇಕು. ತಂದೆ ತಾಯಿಯಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆಯಾದ ಕುಡಗೋಲು ಕಣ ರಕ್ತಹೀನತೆಯ, ಅಂದರೆ ಸಿಕಲ್ ಸೆಲ್‌ನ ತಪಾಸಣೆಗೆ ಕೇಂದ್ರ ಸರ್ಕಾರ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನ ಆರಂಭಿಸಿದೆ; ಬುಡಕಟ್ಟು ಜನರ ನಡುವೆ ಕೆಲಸ ಮಾಡುವ ನಿಮ್ಮ ವೈದ್ಯರು ಅದರೊಂದಿಗೆ ಕೈಜೋಡಿಸಬಹುದು. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆಯಿಲ್ಲದೆ ಅದರ ದೋಷವನ್ನು ಹೊತ್ತವರಾಗಿದ್ದರೆ, ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಈ ತಪಾಸಣೆಯ ಫಲಿತಾಂಶವನ್ನು ಸಾಲಿನಲ್ಲಿ ನಿಂತವರ ಎದುರು ಕೂಗಿ ಹೇಳಿದರೆ ಒಬ್ಬ ಹುಡುಗಿಯ ಮದುವೆಯೇ ನಿಂತುಹೋಗಬಹುದು. ದಯವಿಟ್ಟು ಪ್ರತ್ಯೇಕವಾಗಿ ಕೂರಿಸಿ, ಯರವರ ಅಥವಾ ಕುರುಬರ ಮಾತು ಬಲ್ಲ, ಅವರು ನಂಬುವ ಹೆಂಗಸೊಬ್ಬರ ನೆರವಿನಿಂದ ತಿಳಿಸಿ.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಿಂದ ಸೋಲಿಗರ ನಡುವೆ, ಹೆಗ್ಗಡದೇವನಕೋಟೆಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ವೈದ್ಯರು ಕಾಡಿನಿಂದ ಹೊರಬಿದ್ದ ಜೇನುಕುರುಬರ ನಡುವೆ ಮಾಡಿದ ಕೆಲಸ ಬೇರೂರಿದ್ದು ಅವರು ಅಲ್ಲಿಯೇ ನಿಂತದ್ದರಿಂದ. ನೀವು ಹಾಗೆ ನೆಲೆಸಬೇಕಿಲ್ಲ. ಐದು ಹಾಡಿಗಳನ್ನು ಒಮ್ಮೆ ಸುತ್ತುವ ಬದಲು ಒಂದೇ ಹಾಡಿಗೆ ಮೂರು ತಿಂಗಳಿಗೊಮ್ಮೆ, ಸಾಧ್ಯವಾದರೆ ಅದೇ ವೈದ್ಯರೊಂದಿಗೆ, ಬನ್ನಿ.

ತಾಲೂಕು ಆರೋಗ್ಯಾಧಿಕಾರಿಗಳಿಗೂ ಗ್ರಾಮ ಪಂಚಾಯಿತಿಗೂ ಮುಂಚಿತವಾಗಿ ಪತ್ರ ಬರೆಯಿರಿ. ಹಾಡಿ ನಾಗರಹೊಳೆ ಅರಣ್ಯದೊಳಗಿದ್ದರೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು ಇರುವುದರಿಂದ ವಾರದ ದಿನ ಶಿಬಿರ ಇಟ್ಟರೆ ಜನ ಕೂಲಿ ಬಿಟ್ಟು ಬರಬೇಕಾಗುತ್ತದೆ. ಆನೆ ಓಡಾಡುವ ದಾರಿಗಳಾದ್ದರಿಂದ ಮಧ್ಯಾಹ್ನ ಮೂರೂವರೆಯೊಳಗೆ ಮುಗಿಸಿ, ವಯಸ್ಸಾದವರು ಬೆಳಕಿರುವಾಗಲೇ ಮನೆ ಸೇರುವಂತೆ ನೋಡಿಕೊಳ್ಳಿ. ಬಾವಿಯ ಕಟ್ಟೆ, ಮುಚ್ಚಳದ ಕೆಲಸ ಮಾತ್ರ ಮೇ ಮುಗಿಯುವುದರೊಳಗೆ ಆಗಲೇಬೇಕು. ಮಳೆ ಹಿಡಿದ ಮೇಲೆ ಅಲ್ಲಿ ಸಿಮೆಂಟು ಒಣಗುವುದಿಲ್ಲ. ಫಿಲ್ಟರಿಗೆಂದು ಕೂಡಿಸಿಟ್ಟ ಹಣವನ್ನು ಈ ವರ್ಷ ಬಾವಿಯ ಕೆಲಸಕ್ಕೇ ಬಳಸಿ ಎಂಬುದು ನನ್ನ ವಿನಂತಿ.