ತೆಳ್ಳಗಿನ, ಚೂಪು ಮೂಲೆಗಳ ಇಟಾಲಿಕ್ ಫಾಂಟ್ ಅಂಗಡಿ ಬೋರ್ಡಿಗೆ ಸರಿಹೋಗುತ್ತದಾ?

ಜಯನಗರದ ನಿಮ್ಮ ಕಾಫಿ ಅಂಗಡಿಯ ಬೋರ್ಡಿಗೆ ಅಂತ ಕೇಳಿದ್ದೀರಿ. ಬೋರ್ಡಿಗೆ ಬೇಡ, ಮೆನು ಕಾರ್ಡಿನ ತಲೆಬರಹಕ್ಕೆ ಹಾಕಿ.

ಇಂಥ ಸ್ಯಾನ್ಸ್ (ಅಕ್ಷರದ ತುದಿಗೆ ಪುಟ್ಟ ಅಡ್ಡಗೆರೆ ಇಲ್ಲದ) ಫಾಂಟಿನಲ್ಲಿ ದುಂಡು ಗೆರೆಗಳನ್ನು ಮುರಿದು ಮೂಲೆ ಮಾಡಿರುತ್ತಾರೆ. ಜೊತೆಗೆ ಸುಮಾರು 8ರಿಂದ 12 ಡಿಗ್ರಿ ಬಲಕ್ಕೆ ವಾಲಿರುತ್ತದೆ. ಓಡುತ್ತಿರುವಂತೆ ಕಾಣುತ್ತದೆ, ಕಾರು, ಶೂ ಜಾಹೀರಾತಿಗೆ ಹೇಳಿ ಮಾಡಿಸಿದ್ದು. ಆದರೆ ಗೆರೆ ತೆಳು ಅಲ್ವಾ, ಸಿಗ್ನಲ್‌ನಲ್ಲಿ ನಿಂತ ಬಸ್ಸಿನಿಂದ ನೋಡಿದರೆ ಹಿನ್ನೆಲೆಯಲ್ಲೇ ಕರಗಿಹೋಗುತ್ತದೆ.

ಹೇಗೂ ಬೋರ್ಡಿನ ಶೇ 60ರಷ್ಟು ಕನ್ನಡ ಇರಲೇಬೇಕು. ಅದನ್ನೂ ವಾಲಿಸಲು ಹೋಗಬೇಡಿ. ಇಟಾಲಿಕ್ ಅಚ್ಚು ಶುರುವಾದದ್ದು 1501ರ ಸುಮಾರಿಗೆ ವೆನಿಸ್‌ನಲ್ಲಿ, ಅಲ್ಲಿನ ಓರೆ ಕೈಬರಹ ನೋಡಿಕೊಂಡು. ನಮ್ಮ ಅಕ್ಷರ ದುಂಡು. ಸಾಫ್ಟ್‌ವೇರ್‌ನಲ್ಲಿ ಸುಮ್ನೆ ಓರೆ ಮಾಡಿದರೆ ಒತ್ತಕ್ಷರಗಳು ಎಡಕ್ಕೆ ಜಾರುತ್ತವೆ. ಅನೆಕ್ ಕನ್ನಡದಂಥ ಫಾಂಟನ್ನು ನೆಟ್ಟಗೇ, ಸ್ವಲ್ಪ ದಪ್ಪಗೆ ಬರೆಸಿ.